ಮಾವುತನ ಮಗನಿಗೆ ಸಿಕ್ಕ ಪಾತ್ರಗಳು

1935ರಲ್ಲಿ ಮೈಸೂರು ಅರಮನೆಯ ಆನೆ ಲಾಯದಲ್ಲಿ ಸಾಬು ಎಂಬ ಹುಡುಗನಿದ್ದ. ಹುಟ್ಟಿದ್ದು 1924ರಲ್ಲಿ, ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ, ಕಬಿನಿಯ ಮಗ್ಗುಲಲ್ಲಿ. ಮಹಾರಾಜರ ಆನೆಗೆ ಮಾವುತರಾಗಿದ್ದ ತಂದೆ ತೀರಿಕೊಂಡಿದ್ದರು. ಆನೆಗಳ ನಡುವೆಯೇ ಬೆಳೆಯುತ್ತಿದ್ದ ಈ ಹುಡುಗ, ಆ ವರ್ಷ ಮೈಸೂರಿಗೆ ಬಂದಿದ್ದ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯವರ ಚಿತ್ರತಂಡದ ಕಣ್ಣಿಗೆ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಗೆ ಬಂದಾಗ ಇಂಗ್ಲೆಂಡ್, ಅಮೆರಿಕಗಳ ಪ್ರೇಕ್ಷಕರು ಅವನನ್ನು ಹೆಸರು ಹಿಡಿದು ಕರೆಯತೊಡಗಿದ್ದರು. ಪಾಶ್ಚಾತ್ಯ ಸಿನಿಮಾದಲ್ಲಿ ತಾರೆ ಎನಿಸಿಕೊಂಡ ಮೊದಲ ಭಾರತೀಯರ ಸಾಲಿನಲ್ಲಿ ಅವನ ಹೆಸರು ಎದ್ದು ಕಾಣುತ್ತದೆ.

ಮೈಸೂರಿನಲ್ಲಿ ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ಪಡುವುದರಲ್ಲಿ ತಪ್ಪೇನಿಲ್ಲ. ಆದರೆ ಜನಪ್ರಿಯ ಮಾಧ್ಯಮಗಳು ಒಂದು ಜನಾಂಗವನ್ನು ಒಂದೇ ಅಚ್ಚಿಗೆ ಹೇಗೆ ಇಳಿಸುತ್ತವೆ ಎಂದು ತಿಳಿಯಬೇಕಾದರೆ ಸಾಬುವಿನ ಬದುಕಿಗಿಂತ ಹತ್ತಿರದ ಸಾಕ್ಷ್ಯ ಕನ್ನಡಿಗರಿಗೆ ಸಿಗಲಾರದು. ಹೀಗಳೆಯುವ ಚಿತ್ರಣವನ್ನು ಯಾರು ಬೇಕಾದರೂ ಗುರುತಿಸುತ್ತಾರೆ, ಪ್ರತಿಭಟಿಸುತ್ತಾರೆ. ಮೆಚ್ಚಿ ಮುದ್ದಾಡುವ ಚಿತ್ರಣದ ವಿಷಯ ಬೇರೆ. ಅದು ಕಟ್ಟಿಹಾಕುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವೊಮ್ಮೆ ಕಟ್ಟಿಗೆ ಸಿಕ್ಕವರ ಕಣ್ಣಿಗೂ ಬೀಳುವುದಿಲ್ಲ. ಈ ಉಪನ್ಯಾಸದ ಕಾಳಜಿ ಆ ಎರಡನೆಯ ಬಗೆಯ ಚಿತ್ರಣದ ಮೇಲೆ.

ಫ್ಲಾಹರ್ಟಿ ಮೈಸೂರಿಗೆ ಬರುವ ಹೊತ್ತಿಗೆ ದೊಡ್ಡ ಹೆಸರು. 1922ರಲ್ಲಿ ಅವರು ತೆಗೆದ ‘ನನೂಕ್ ಆಫ್ ದಿ ನಾರ್ತ್’ ಸಾಕ್ಷ್ಯಚಿತ್ರದ ಚರಿತ್ರೆಯಲ್ಲಿ ಮೊದಲ ಪುಟದಲ್ಲೇ ಬರುವ ಕೃತಿ. ಕೆನಡಾದ ಹಿಮಪ್ರದೇಶದ ಇನುಯಿಟ್ ಜನರ ಬದುಕು ಅದರ ವಸ್ತು. ಅದರಲ್ಲೊಂದು ದೃಶ್ಯವಿದೆ: ವ್ಯಾಪಾರಿಯ ಅಂಗಡಿಯಲ್ಲಿ ನನೂಕ್ ಗ್ರಾಮಫೋನ್ ನೋಡಿ ಬೆರಗಾಗುತ್ತಾನೆ, ತಟ್ಟೆಯನ್ನು ಹಲ್ಲಿನಿಂದ ಕಚ್ಚಿ ನೋಡುತ್ತಾನೆ. ಪ್ರೇಕ್ಷಕರು ನಕ್ಕರು. ಆ ಪಾತ್ರ ಮಾಡಿದವರ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಗ್ರಾಮಫೋನ್ ಅವರಿಗೆ ಗೊತ್ತಿಲ್ಲದ ವಸ್ತುವೇನೂ ಆಗಿರಲಿಲ್ಲ. ಬೇಟೆಗೆ ಬಂದೂಕು ಬಳಸುತ್ತಿದ್ದ ಜನರಿಗೆ ಕ್ಯಾಮೆರಾದ ಮುಂದೆ ಈಟಿ ಹಿಡಿಯಲು ಹೇಳಲಾಗಿತ್ತು. ಫ್ಲಾಹರ್ಟಿ ಆ ಜನರನ್ನು ಪ್ರೀತಿಸುತ್ತಿದ್ದರು, ವರ್ಷಗಟ್ಟಲೆ ಅವರ ನಡುವೆ ಇದ್ದವರು, ಅನುಮಾನವಿಲ್ಲ. ಆದರೆ ಅವರು ಪ್ರೀತಿಸುತ್ತಿದ್ದದ್ದು ಕಾಲಕ್ಕೆ ಸಿಗದ, ಬದಲಾಗದ ಒಂದು ಜನವನ್ನು. ಕಣ್ಣೆದುರಿನ ಜನ ಬದಲಾಗಿದ್ದರೆ ಅವರನ್ನು ಹಿಂದಕ್ಕೆ ಕರೆದೊಯ್ಯಲು ಅವರು ಹಿಂಜರಿಯಲಿಲ್ಲ.

ಮೈಸೂರಿನ ಚಿತ್ರಕ್ಕೆ ಆಧಾರ ಕಿಪ್ಲಿಂಗರ ಆನೆ ಹುಡುಗ ತೂಮಾಯಿಯ ಕಥೆ. ಕಥೆ ನಡೆಯುವುದು ದೂರದ ಗಾರೋ ಬೆಟ್ಟಗಳಲ್ಲಿ. ಆದರೂ ಮೈಸೂರಿಗೂ ಅದಕ್ಕೂ ಹಳೆಯ ನಂಟಿದೆ. ಕಥೆಯ ಪೀಟರ್ಸನ್ ಸಾಹೇಬನ ಪಾತ್ರಕ್ಕೆ ಜಿ.ಪಿ. ಸ್ಯಾಂಡರ್ಸನ್ ಮಾದರಿ ಎನ್ನುವುದುಂಟು. 1870ರ ದಶಕದಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ಕಟ್ಟಿಸಿ ಆನೆ ಹಿಡಿಸಿದ ಅಧಿಕಾರಿ ಅವರು. ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನ ಚಿತ್ರತಂಡಕ್ಕೆ ಆನೆಗಳನ್ನೂ ಮಾವುತರನ್ನೂ ಕೊಟ್ಟಿತು, ಉಳಿದುಕೊಳ್ಳಲು ಚಿತ್ತರಂಜನ ಮಹಲನ್ನು ಬಿಟ್ಟುಕೊಟ್ಟಿತು. ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾ ನಡೆಯಿತು. ತೂಮಾಯಿಯ ಆನೆಯ ಪಾತ್ರಕ್ಕೆ ಐರಾವತ ಬಂತು.

ಈ ಚಿತ್ರವನ್ನು ಇಂದು ನೋಡಿದರೂ ಹೊಳೆಯ ದೃಶ್ಯಗಳು ಕಣ್ಣು ಹಿಡಿದು ನಿಲ್ಲಿಸುತ್ತವೆ. ಆನೆ ಮಗ್ಗುಲಾಗಿ ನೀರಿನಲ್ಲಿ ಮಲಗಿರುತ್ತದೆ, ಹುಡುಗ ಅದರ ಮೈಮೇಲೆ ಹತ್ತಿ ಉಜ್ಜುತ್ತಾನೆ. ಅವನ ಕೈಗೆ ಕೆಲಸ ಗೊತ್ತು. ಆನೆ ಸೊಂಡಿಲು ಬಾಗಿಸಿದರೆ ಅದರ ಮೇಲೆ ಕಾಲಿಟ್ಟು ನೆತ್ತಿಗೇರಿ ಕೂರುವುದರಲ್ಲಿ ನಟನೆಯ ಲವಲೇಶವೂ ಇಲ್ಲ. ಎಳೆತನದಿಂದ ಲಾಯದಲ್ಲಿ ಕಲಿತ ಮೈಯ ವಿದ್ಯೆ ಅದು. ಇಂಥದ್ದನ್ನು ಯಾವ ನಿರ್ದೇಶಕರೂ ಹೇಳಿಕೊಟ್ಟು ಮಾಡಿಸಲಾರರು.

ಚಿತ್ರದ ಉಳಿದರ್ಧ ತಯಾರಾದದ್ದು ಲಂಡನ್ ಹತ್ತಿರದ ಡೆನ್ಹಮ್ ಸ್ಟುಡಿಯೋದಲ್ಲಿ. ಫ್ಲಾಹರ್ಟಿ ತೆಗೆಯುತ್ತಿದ್ದ ರೀಲುಗಳಲ್ಲಿ ಕಥೆ ಕಾಣುತ್ತಿಲ್ಲವೆಂದು ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ತಮ್ಮ ಸೋದರ ಜೋಲ್ಟನ್ ಕೋರ್ಡಾರಿಗೆ ಚಿತ್ರವನ್ನು ಒಪ್ಪಿಸಿದರು. ಸಾಬುವನ್ನು ಇಂಗ್ಲೆಂಡಿಗೆ ಕರೆಸಿಕೊಂಡರು. ಅಲ್ಲಿ ತೂಮಾಯಿಯ ತಂದೆ, ಹಿರಿಯ ಬೇಟೆಗಾರ ಮಾಚುವ ಅಪ್ಪ, ಇತರ ಮಾವುತರು, ಎಲ್ಲರೂ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟರು. ಮೈಸೂರಿನ ಮಾವುತನ ಮಗನಿಗೆ ತೆರೆಯ ಮೇಲೆ ತಂದೆಯಾದವರು ಡಬ್ಲ್ಯು.ಇ. ಹಾಲೊವೇ. ಅರಮನೆಯ ಲಾಯದ ತುಂಬ ನಿಜವಾದ ಮಾವುತರಿದ್ದರು. ಅವರು ದೂರದ ದೃಶ್ಯಗಳಲ್ಲಿ ಆನೆ ನಡೆಸುವುದಕ್ಕೆ ಬೇಕಾದರು, ಮಾತಾಡುವುದಕ್ಕೆ ಬೇಕಾಗಲಿಲ್ಲ. ಇಡೀ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಈ ಹಂಚಿಕೆಯಲ್ಲೇ ಇದೆ. ಒಬ್ಬ ನಿಜವಾದ ಹುಡುಗನನ್ನು ನಡುವೆ ನಿಲ್ಲಿಸಿದರೆ ಅವನ ಸುತ್ತಲಿನ ಕಟ್ಟುಕಥೆಯೂ ನಿಜವೆನಿಸುತ್ತದೆ. ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು.

ಮುಂದಿನ ವರ್ಷ, 1938ರಲ್ಲಿ, ಕೋರ್ಡಾ ಸಂಸ್ಥೆಯೇ ‘ದಿ ಡ್ರಮ್’ ತೆಗೆಯಿತು. ವಾಯವ್ಯ ಗಡಿಯ ಕಾಲ್ಪನಿಕ ಸಂಸ್ಥಾನವೊಂದರ ರಾಜಕುಮಾರ ಅಜೀಂ ಆಗಿ ಸಾಬು ನಟಿಸಿದ. ಬ್ರಿಟಿಷರ ಮೇಲೆ ಪ್ರಾಣವಿಟ್ಟಿರುವ ಒಳ್ಳೆಯ ಹುಡುಗ ಅವನು. ಅವರ ವಿರುದ್ಧ ಸಂಚು ಹೂಡುವ ಕೆಟ್ಟ ಚಿಕ್ಕಪ್ಪ, ಬಣ್ಣ ಬಳಿದುಕೊಂಡ ರೇಮಂಡ್ ಮ್ಯಾಸೆ. ಬ್ರಿಟಿಷರನ್ನು ನಂಬುವ ಭಾರತೀಯ ಮುಗ್ಧ, ನಂಬದವನು ಮತಾಂಧ: ಚಿತ್ರದಲ್ಲಿ ಮೂರನೆಯ ಬಗೆಯ ಭಾರತೀಯರೇ ಇಲ್ಲ. ಆ ಹೊತ್ತಿಗೆ ಮುಂಬಯಿ, ಮದ್ರಾಸ್ ಪ್ರಾಂತಗಳಲ್ಲಿ ಕಾಂಗ್ರೆಸ್ ಸರ್ಕಾರಗಳು ಆಡಳಿತದಲ್ಲಿದ್ದವು. ಮುಂಬಯಿಯಲ್ಲಿ ಚಿತ್ರಮಂದಿರದ ಮುಂದೆ ಜನ ಸೇರಿ ಪ್ರತಿಭಟಿಸಿದರು, ಪ್ರದರ್ಶನ ನಿಂತಿತು. ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆ ಭಾರತವನ್ನು ಅವಮಾನಿಸುವ ವಿದೇಶಿ ಚಿತ್ರಗಳ ವಿರುದ್ಧ ಸಮರವನ್ನೇ ಸಾರಿತು. ವಸಾಹತು ಕಾಲದ ಪ್ರೇಕ್ಷಕರು ತೋರಿಸಿದ್ದನ್ನೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು ಎಂಬ ಕಲ್ಪನೆ ಸುಳ್ಳು. ಅವರಿಗೆ ಅವಮಾನ ಗೊತ್ತಾಗುತ್ತಿತ್ತು, ಅದನ್ನು ಬೀದಿಗಿಳಿದು ಹೇಳುತ್ತಿದ್ದರು.

1939ರಲ್ಲಿ ಹಾಲಿವುಡ್ಡಿನಿಂದ ‘ಗಂಗಾ ದಿನ್’ ಬಂತು. ಬಂಗಾಳ, ಮುಂಬಯಿಗಳಲ್ಲಿ ಅದಕ್ಕೂ ತಡೆ ಬಿತ್ತು. ಬ್ರಿಟಿಷ್ ಸೈನಿಕರಿಗೆ ನೀರು ಹೊತ್ತು, ಅವರಿಗಾಗಿಯೇ ಪ್ರಾಣ ಕೊಡುವ ಭಾರತೀಯ ಆಳಿನ ಪಾತ್ರಕ್ಕೆ ಮೊದಲು ಸಾಬುವನ್ನೇ ಬಯಸಿದ್ದರು, ಸಿಗಲಿಲ್ಲ. ನ್ಯೂಯಾರ್ಕಿನ ನಟ ಸ್ಯಾಮ್ ಜಾಫೆ ಬಣ್ಣ ಹಚ್ಚಿಕೊಂಡು ಅದನ್ನು ಮಾಡಿದರು. ಸಾಬುವನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಪಾತ್ರ ಮಾಡಿದೆನೆಂದು ಅವರು ಮುಂದೆ ಹೇಳಿಕೊಂಡರು. ಆಗ ಜಾಫೆಯವರ ವಯಸ್ಸು ನಲವತ್ತು ದಾಟಿತ್ತು, ಸಾಬುವಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಪ್ರಾಯ ಮೀರಿದ ಭಾರತೀಯನೊಬ್ಬನನ್ನು ಕಲ್ಪಿಸಿಕೊಳ್ಳಲೂ ಹಾಲಿವುಡ್ಡಿಗೆ ಒಬ್ಬ ಹುಡುಗನೇ ಮಾದರಿಯಾದ.

ಬೆಳೆಯಲು ಬಿಡದಿರುವುದು ಈ ಸಿದ್ಧಮಾದರಿಯ ಜೀವಾಳ. ಅದನ್ನು ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಬಿಡಿಸಿ ನೋಡಬಹುದು. 1924ರಲ್ಲಿ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಇದೇ ಹೆಸರಿನ ಮೂಕಿ ಚಿತ್ರ ತೆಗೆದಾಗ ಕಳ್ಳನೇ ನಾಯಕ, ಕಳ್ಳನೇ ಪ್ರೇಮಿ, ಕೊನೆಗೆ ರಾಜಕುಮಾರಿಯನ್ನು ಮದುವೆಯಾಗುವವನೂ ಅವನೇ. 1940ರಲ್ಲಿ ಕೋರ್ಡಾ ಅದನ್ನು ವರ್ಣದಲ್ಲಿ ಮತ್ತೆ ತೆಗೆದಾಗ ಕಳ್ಳನ ಪಾತ್ರ ಸಾಬುವಿನ ಪಾಲಿಗೆ ಬಂತು, ಆದರೆ ಪಾತ್ರ ಎರಡು ಹೋಳಾಯಿತು. ಪ್ರೀತಿಸುವ ಕೆಲಸ ಇಂಗ್ಲಿಷ್ ನಟ ಜಾನ್ ಜಸ್ಟಿನ್ ವಹಿಸಿದ ದೊರೆ ಅಹ್ಮದನಿಗೆ. ಕದಿಯುವುದು, ಓಡುವುದು, ಭೂತದೊಂದಿಗೆ ಸೆಣಸುವುದು, ಗೆಳೆಯನನ್ನು ಕಾಪಾಡುವುದು ಸಾಬುವಿನ ಅಬುವಿಗೆ. ಚಿತ್ರವನ್ನು ಹೊತ್ತು ನಡೆಸುವವನೇ ಅಬು. ಆದರೆ ಕೊನೆಯಲ್ಲಿ ಮದುವೆಯ ಸಂಭ್ರಮ ನಡೆಯುವಾಗ ಅವನು ಹಾರುವ ಕಂಬಳಿಯ ಮೇಲೆ ಬೇರೆ ಸಾಹಸ ಹುಡುಕಿಕೊಂಡು ಹೊರಟುಹೋಗುತ್ತಾನೆ. ಮಕ್ಕಳಿಗೆ ಅದು ಖುಷಿಯ ಕೊನೆ.

ಮುಂದೆ ಹಾಲಿವುಡ್ಡಿನ ಯೂನಿವರ್ಸಲ್ ಸಂಸ್ಥೆ ಇದನ್ನೇ ಸೂತ್ರ ಮಾಡಿಕೊಂಡಿತು. ‘ಅರೇಬಿಯನ್ ನೈಟ್ಸ್’ (1942), ‘ವೈಟ್ ಸ್ಯಾವೇಜ್’ (1943), ‘ಕೋಬ್ರಾ ವುಮನ್’ (1944), ಮೂರರಲ್ಲೂ ಜಾನ್ ಹಾಲ್ ನಾಯಕ, ಮಾರಿಯಾ ಮೊಂಟೆಸ್ ನಾಯಕಿ, ಸಾಬು ಜೊತೆಗಾರ. ಹಾಲಿವುಡ್ಡಿನ ನಿರ್ಮಾಣ ಸಂಹಿತೆಯಲ್ಲಿ ಬಿಳಿಯರ ಮತ್ತು ಕರಿಯರ ನಡುವಿನ ಲೈಂಗಿಕ ಸಂಬಂಧವನ್ನು ತೋರಿಸಕೂಡದೆಂಬ ನಿಯಮವಿತ್ತು. 1934ರಿಂದ ಅದನ್ನು ಬಿಗಿಯಾಗಿ ಜಾರಿ ಮಾಡಿದರು, 1956ರಲ್ಲಿ ಕೈಬಿಟ್ಟರು. ಅದರ ನೆರಳು ಏಷ್ಯಾದ ಕಲಾವಿದರ ಮೇಲೂ ಬಿತ್ತು. ಚೀನೀ ಮೂಲದ ಅಮೆರಿಕನ್ ನಟಿ ಅನ್ನಾ ಮೇ ವಾಂಗ್ ಅವರಿಗೆ ‘ದಿ ಗುಡ್ ಅರ್ತ್’ (1937) ಚಿತ್ರದ ಚೀನೀ ಗೃಹಿಣಿಯ ಪಾತ್ರ ತಪ್ಪಿತು, ಅದನ್ನು ಮಾಡಿದ ಲೂಯಿಸ್ ರೈನರ್ ಆಸ್ಕರ್ ಪಡೆದರು. ಪ್ರಶಸ್ತಿಯ ಮಾತು ಒತ್ತಟ್ಟಿಗಿರಲಿ. ಯಾರು ಯಾರನ್ನು ಪ್ರೀತಿಸಬಹುದು ಎಂಬುದನ್ನು ಕಥೆಗಿಂತ ಮೊದಲೇ ಚರ್ಮದ ಬಣ್ಣ ತೀರ್ಮಾನಿಸುತ್ತಿತ್ತು, ಮತ್ತು ಪ್ರೀತಿಸಲು ಅನುಮತಿಯಿಲ್ಲದ ಪಾತ್ರ ತೆರೆಯ ಮೇಲೆ ಎಂದೆಂದಿಗೂ ಮಗುವಾಗಿಯೇ ಉಳಿಯುತ್ತಿತ್ತು.

ತೆರೆಯಾಚೆಗೆ ಸಾಬು ದೊಡ್ಡವರಾಗಿದ್ದರು. 1944ರಲ್ಲಿ ಅಮೆರಿಕದ ಪೌರತ್ವ ಪಡೆದರು. ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತ್ತು. ಭಾರತೀಯರೆಲ್ಲರಿಗೂ ಆ ಬಾಗಿಲು ತೆರೆದದ್ದು 1946ರ ಕಾಯ್ದೆಯಿಂದ. ಸಾಬು ಅಮೆರಿಕದ ವಾಯುಪಡೆ ಸೇರಿ ಪೆಸಿಫಿಕ್ ರಣರಂಗದಲ್ಲಿ ಬಿ-24 ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿ ಕೆಲಸ ಮಾಡಿದರು, ಶೌರ್ಯಕ್ಕಾಗಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದರು. 1948ರಲ್ಲಿ ನಟಿ ಮರಿಲಿನ್ ಕೂಪರ್ ಅವರನ್ನು ಮದುವೆಯಾದರು, ಇಬ್ಬರು ಮಕ್ಕಳಾದರು. ವಿಮಾನಯೋಧ, ಗಂಡ, ತಂದೆ. ಈ ಮೂರರಲ್ಲಿ ಒಂದನ್ನೂ ನೆಟ್ಟಗೆ ತೋರಿಸುವ ಪಾತ್ರ ಹಾಲಿವುಡ್ಡಿನಿಂದ ಅವರಿಗೆ ಬರಲಿಲ್ಲ. 1947ರ ಬ್ರಿಟಿಷ್ ಚಿತ್ರ ‘ದಿ ಎಂಡ್ ಆಫ್ ದಿ ರಿವರ್’ನಲ್ಲಿ ಅಮೆಜಾನ್ ಕಾಡಿನ ಮೂಲನಿವಾಸಿ, 1951ರ ‘ಸ್ಯಾವೇಜ್ ಡ್ರಮ್ಸ್’ನಲ್ಲಿ ಪೆಸಿಫಿಕ್ ದ್ವೀಪದವನು, 1956ರ ‘ಜಂಗಲ್ ಹೆಲ್’ನಲ್ಲಿ ಮತ್ತೆ ಕಾಡು, ಮತ್ತೆ ಆನೆ. ಅಮೆಜಾನ್, ಅರೇಬಿಯ, ಪಾಲಿನೇಷ್ಯ, ಭಾರತ, ಯಾವ ನೆಲವಾದರೂ ಸರಿ, ಕಂದು ಬಣ್ಣವೊಂದಿದ್ದರೆ ಸಾಕಾಗಿತ್ತು.

ಆ ವರ್ಷಗಳಲ್ಲಿ ಭಾರತದಲ್ಲಿ ಇನ್ನೊಬ್ಬ ಹುಡುಗ ತೆರೆಯ ಮೇಲೆ ಬೆಳೆಯುತ್ತಿದ್ದ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955), ‘ಅಪರಾಜಿತೊ’ (1956), ‘ಅಪುರ್ ಸಂಸಾರ್’ (1959) ಚಿತ್ರಗಳಲ್ಲಿ ಅಪು ಶಾಲೆಗೆ ಹೋಗುತ್ತಾನೆ, ತಾಯಿಯನ್ನು ಕಳೆದುಕೊಳ್ಳುತ್ತಾನೆ, ಮದುವೆಯಾಗುತ್ತಾನೆ, ಹೆಂಡತಿ ಸತ್ತ ದುಃಖದಲ್ಲಿ ಮಗನಿಂದಲೇ ದೂರವಾಗುತ್ತಾನೆ, ಕೊನೆಗೆ ಆ ಮಗನನ್ನು ಹೆಗಲಿಗೇರಿಸಿಕೊಳ್ಳುತ್ತಾನೆ. ಪಶ್ಚಿಮದ ಪ್ರೇಕ್ಷಕರು ಅದನ್ನು ನೋಡಿ ಕಣ್ಣೀರಿಟ್ಟರು. ಭಾರತೀಯನ ಬಾಲ್ಯ, ಪ್ರಾಯ, ತಂದೆತನಗಳು ಅವರಿಗೆ ಅರ್ಥವಾಗುವುದಿಲ್ಲ ಎಂಬ ನೆಪಕ್ಕೆ ಅಲ್ಲಿಗೆ ಉಸಿರು ನಿಲ್ಲಬೇಕಿತ್ತು. ನಿಲ್ಲಲಿಲ್ಲ. 1990ರಲ್ಲಿ ಅಮೆರಿಕದ ‘ದಿ ಸಿಂಪ್ಸನ್ಸ್’ ಕಾರ್ಟೂನ್ ಸರಣಿ ಅದೇ ಅಪುವಿನ ಹೆಸರನ್ನು ಒಬ್ಬ ಕಿರಾಣಿ ಅಂಗಡಿಯ ಭಾರತೀಯನಿಗೆ ಇಟ್ಟಿತು. ದನಿ ಕೊಟ್ಟವರು ಬಿಳಿಯ ನಟ ಹ್ಯಾಂಕ್ ಅಜಾರಿಯಾ. ‘ದಿ ಪಾರ್ಟಿ’ (1968) ಚಿತ್ರದಲ್ಲಿ ಬ್ರಿಟಿಷ್ ನಟ ಪೀಟರ್ ಸೆಲ್ಲರ್ಸ್ ಮುಖಕ್ಕೆ ಬಣ್ಣ ಹಚ್ಚಿಕೊಂಡು ಮಾಡಿದ ಭಾರತೀಯನ ಮಾತಿನ ಧಾಟಿಯೂ ತಮಗೆ ಮಾದರಿಯಾಯಿತೆಂದು ಅವರೇ ಒಪ್ಪಿಕೊಂಡಿದ್ದಾರೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಭಾರತೀಯ ಮೂಲದ ಮಕ್ಕಳನ್ನು ಶಾಲೆಯ ಅಂಗಳದಲ್ಲಿ ಆ ಧಾಟಿಯಲ್ಲಿ ಅಣಕಿಸುತ್ತಿದ್ದರು. ಕಲಾವಿದ ಹರಿ ಕೊಂಡಬೋಲು 2017ರಲ್ಲಿ ಅದರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜಾರಿಯಾ ಆ ದನಿಯನ್ನು ನಿಲ್ಲಿಸಿದರು. ಮೂವತ್ತು ವರ್ಷ ಹಿಡಿಯಿತು.

ಸಾಬುವಿನ ಜೊತೆಜೊತೆಗೇ ಹೇಳಬೇಕಾದ ಇನ್ನೊಂದು ಬದುಕಿದೆ. ಮರ್ಲ್ ಒಬೆರಾನ್ ಹುಟ್ಟಿದ್ದು 1911ರಲ್ಲಿ ಮುಂಬಯಿಯಲ್ಲಿ, ಬೆಳೆದದ್ದು ಕಲ್ಕತ್ತೆಯಲ್ಲಿ. ತಾಯಿಯ ಕಡೆಯಿಂದ ಏಷ್ಯಾದ ರಕ್ತ. ಅವರನ್ನು ತಾರೆ ಮಾಡಿದವರೂ ಅಲೆಕ್ಸಾಂಡರ್ ಕೋರ್ಡಾ, 1939ರಲ್ಲಿ ಮದುವೆಯಾದವರೂ ಅವರೇ. ಆದರೆ ಒಬೆರಾನ್ ಹುಟ್ಟಿದ್ದು ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ ಎಂದು ಪ್ರಚಾರ ಮಾಡಲಾಯಿತು. ‘ದಿ ಡಾರ್ಕ್ ಏಂಜೆಲ್’ (1935) ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂದಾಗಲೂ ಗುಟ್ಟು ಗುಟ್ಟಾಗಿಯೇ ಇತ್ತು. 1979ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ಹುಟ್ಟಿದೂರನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದೇ ಸಂಸ್ಥೆಯಲ್ಲಿ ಭಾರತದ ಇಬ್ಬರು: ಭಾರತೀಯನಾಗಿಯೇ ಇರಬೇಕಾದ ಹುಡುಗ, ಭಾರತವನ್ನೇ ಮರೆಮಾಚಬೇಕಾದ ಹೆಣ್ಣು. ನಾಯಕಿಯಾಗಲು, ಪ್ರೀತಿಸಲು, ಪ್ರೀತಿಸಿಕೊಳ್ಳಲು ಒಬೆರಾನ್ ತೆತ್ತ ಬೆಲೆ ಅದು. ಅವರನ್ನು ಸುಳ್ಳುಗಾರ್ತಿ ಎಂದು ಬಯ್ಯುವುದು ಅನ್ಯಾಯ. ಸುಳ್ಳು ಹೇಳದ ಹೊರತು ಬಾಗಿಲು ತೆರೆಯದ ಮನೆಯೊಳಗೆ ಅವರು ಬದುಕಬೇಕಾಗಿತ್ತು.

ಸಾಬು ತಾಯ್ನಾಡಿನ ಸಿನಿಮಾಕ್ಕೆ ಮರಳುವ ಅವಕಾಶವೊಂದು ಬಂದಿತ್ತು. ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಮೊದಲು ಆರಿಸಿದ್ದು ಅವರನ್ನೇ. ಸಾಬು ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಾದರು. ಚಿತ್ರೀಕರಣ ತಡವಾಯಿತು, ಅಮೆರಿಕನ್ ಪ್ರಜೆಯಾಗಿದ್ದ ಅವರಿಗೆ ಕೆಲಸದ ಪರವಾನಗಿ ಸಿಗುವುದು ತೊಡಕಾಯಿತು. ಪಾತ್ರ ಸುನಿಲ್ ದತ್ ಅವರದಾಯಿತು. 1957ರಲ್ಲಿ ತೆರೆಕಂಡ ಆ ಚಿತ್ರದ ಬಿರ್ಜು ಸಿಟ್ಟು, ಹಟ, ತಾಯಿಯ ಮೇಲಿನ ಪ್ರೀತಿ, ಸಾಹುಕಾರನ ಮೇಲಿನ ಸೇಡು ಎಲ್ಲವೂ ತುಂಬಿದ ಯುವಕ. ಬೆಳೆದ ಮನುಷ್ಯನ ಪಾತ್ರ ಸಾಬುವಿನ ಕೈಗೆ ಎಟುಕುವಷ್ಟು ಹತ್ತಿರ ಬಂದು ತಪ್ಪಿಹೋಯಿತು. 1963ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ಅವರು ತೀರಿಕೊಂಡರು. ವಯಸ್ಸು 39. ಅವರ ಕೊನೆಯ ಚಿತ್ರ ಡಿಸ್ನಿಯ ‘ಎ ಟೈಗರ್ ವಾಕ್ಸ್’ ಮರುವರ್ಷ ಬಿಡುಗಡೆಯಾಯಿತು. ಅದರಲ್ಲಿ ಅವರು ಹುಲಿ ನೋಡಿಕೊಳ್ಳುವವನು.

ಕೋರ್ಡಾರನ್ನು, ಹಾಲಿವುಡ್ಡನ್ನು ಪ್ರಶ್ನಿಸುವಾಗ ನಮ್ಮ ಸಿನಿಮಾವನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ‘ಪಡೋಸನ್’ (1968) ಚಿತ್ರದಲ್ಲಿ ಮೆಹಮೂದ್ ಮಾಡಿದ ಮದ್ರಾಸಿ ಸಂಗೀತದ ಮೇಷ್ಟ್ರು ಹಿಂದಿ ಪ್ರೇಕ್ಷಕರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದರು. ವಿಂಧ್ಯದ ಕೆಳಗಿನವರೆಲ್ಲ ಒಂದೇ ಎಂಬ ಆ ಅಚ್ಚಿನೊಳಗೆ ಕನ್ನಡಿಗರೂ ಇದ್ದರು. ಅದು ನೋಯಿಸಿತು ಎನ್ನುವ ನಾವು ಕಾಡಿನ ಜನರನ್ನು ತೆರೆಗೆ ತಂದದ್ದು ಹೇಗೆ? ಮೈಗೆ ಮಸಿ, ಸೊಂಟಕ್ಕೆ ಸೊಪ್ಪು, ಅರ್ಥವಿಲ್ಲದ ಕೂಗು, ನಡುವೆ ಕಟ್ಟಿಹಾಕಿದ ನಾಯಕ. ದಶಕಗಳ ಕಾಲ ದಕ್ಷಿಣದ ಚಿತ್ರಗಳಲ್ಲಿ, ಕನ್ನಡದಲ್ಲೂ, ಈ ಕುಣಿತ ಬಂದುಹೋಗಿದೆ. ಆ ವೇಷ ಹಾಕಿದವರು ನಗರದ ಸಹನರ್ತಕರು. ಕಬಿನಿಯ ಆಸುಪಾಸಿನ ಹಾಡಿಗಳ ಜೇನುಕುರುಬರ ಮನೆಯಲ್ಲಿ ಅಂಥ ಉಡುಗೆಯೂ ಇಲ್ಲ, ಅಂಥ ಭಾಷೆಯೂ ಇಲ್ಲ.

ಬದಲಾವಣೆಯೂ ಕಾಣುತ್ತಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದಿಂದ ಬಂದ ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿ ಹೆಗ್ಗೋಡಿನ ನೀನಾಸಂನಲ್ಲಿ ರಂಗತರಬೇತಿ ಪಡೆದವರು. 2021ರ ‘ಸಲಗ’ ಚಿತ್ರದ ಹಾಡೊಂದರಲ್ಲಿ ಸಿದ್ದಿ ಗಾಯಕರ ದನಿ ಕೇಳಿ ಕನ್ನಡ ನಾಡು ಕುಣಿಯಿತು. ಸಂತೋಷದ ಸಂಗತಿ. ಆದರೆ ದಾಂಡೇಲಿಯ ಕಾಡಂಚಿನ ಸಿದ್ದಿ ಹುಡುಗಿಯೊಬ್ಬಳು ಕನ್ನಡ ಚಿತ್ರದಲ್ಲಿ ವಕೀಲೆಯಾಗಿ, ಶಿಕ್ಷಕಿಯಾಗಿ, ನಾಯಕನ ಮನಸ್ಸು ಗೆದ್ದವಳಾಗಿ ಬರುವ ಕಾಲ ಇನ್ನೂ ಬರಬೇಕಾಗಿದೆ. ಕುಣಿಸುವುದಕ್ಕೆ ಕರೆದವರು ಕಥೆಯೊಳಕ್ಕೂ ಕರೆಯಬೇಕು.

ನೀಲಗಿರಿಯ ಮುದುಮಲೈಯಲ್ಲಿ ತೆಗೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ 2023ರಲ್ಲಿ ಆಸ್ಕರ್ ಗೆದ್ದಾಗ ಸಾಬುವನ್ನು ನೆನೆದವರು ಕಡಿಮೆ. ಬೊಮ್ಮನ್, ಬೆಳ್ಳಿ ಎಂಬ ಆನೆ ಸಾಕುವ ದಂಪತಿ ಅದರ ಕೇಂದ್ರ. ಜೇನುಕುರುಬರಿಗೆ ಹತ್ತಿರದವರಾದ ಕಾಟ್ಟುನಾಯಕರ್ ಸಮುದಾಯದವರು. ಅವರು ತಮ್ಮ ಕಥೆಯನ್ನು ತಾವೇ ಹೇಳುತ್ತಾರೆ. ನಡುವಯಸ್ಸು ದಾಟಿದ ಅವರಿಬ್ಬರೂ ಪರಸ್ಪರ ಮೆಚ್ಚಿ ಮದುವೆಯಾಗುವುದನ್ನು ಚಿತ್ರ ತೋರಿಸುತ್ತದೆ, ಸತ್ತ ಮಗಳಿಗಾಗಿ ಬೆಳ್ಳಿ ಅಳುವುದನ್ನೂ ತೋರಿಸುತ್ತದೆ. ತೂಮಾಯಿಗೆ ಸಿಗದ ವಯಸ್ಸು ಇವರಿಗೆ ಸಿಕ್ಕಿತು. ಚಿತ್ರದಿಂದ ತಮಗೆ ಸಲ್ಲಬೇಕಾದ ಹಣದ ಬಗ್ಗೆ ಆ ದಂಪತಿ ಆಮೇಲೆ ದೂರಿದರು, ಚಿತ್ರ ತಯಾರಿಸಿದವರು ಅದನ್ನು ಅಲ್ಲಗಳೆದರು. ಸರಿ ತಪ್ಪು ಏನೇ ಇರಲಿ, ತಮ್ಮ ಪಾಲನ್ನು ಗಟ್ಟಿಯಾಗಿ ಕೇಳುವಷ್ಟರ ಮಟ್ಟಿಗೆ ಮಾವುತರ ಮಾತು ಪತ್ರಿಕೆಯಲ್ಲಿ ಅಚ್ಚಾಯಿತು. 1935ರ ಲಾಯದಲ್ಲಿ ಹಾಗೆ ಕೇಳಿದವರಿದ್ದರೂ ಅವರ ಮಾತನ್ನು ಯಾರೂ ಬರೆದಿಡಲಿಲ್ಲ.

ಆ ಕೊರತೆಯನ್ನು ಸ್ವಲ್ಪವಾದರೂ ತುಂಬುವ ಕೆಲಸ ಮೈಸೂರಿನ ವಿಶ್ವವಿದ್ಯಾಲಯಕ್ಕೂ ಸಿನಿಮಾ ಬಲ್ಲವರಿಗೂ ಕೈಯಳತೆಯಲ್ಲಿದೆ. ‘ಎಲಿಫೆಂಟ್ ಬಾಯ್’ ಚಿತ್ರವನ್ನು ದುಬಾರೆ, ಮತ್ತಿಗೋಡು ಆನೆ ಶಿಬಿರಗಳಿಗೆ ಒಯ್ದು ಮಾವುತರಿಗೆ, ಕಾವಾಡಿಗಳಿಗೆ, ಅವರ ಮಕ್ಕಳಿಗೆ ತೋರಿಸಬೇಕು. ಯಾವ ದೃಶ್ಯದಲ್ಲಿ ಆನೆ ನಡೆಸುವ ಕೈ ಪಳಗಿದ್ದು, ಯಾವುದು ಸ್ಟುಡಿಯೋದ ವೇಷ, ಸಾಬು ಯಾವ ಮಾತಿನಿಂದ ಐರಾವತವನ್ನು ಕೂರಿಸಿದ, ಎಲ್ಲಿ ಸುಳ್ಳಿದೆ ಎಂದು ಅವರು ಬೆರಳಿಟ್ಟು ಹೇಳಬಲ್ಲರು. ಅವರ ಹೇಳಿಕೆಗಳನ್ನು ಅವರ ಹೆಸರಿನಲ್ಲೇ ದಾಖಲಿಸಿ, ‘ದಿ ಡ್ರಮ್’ ಕಾಲದ ‘ಫಿಲ್ಮ್‌ಇಂಡಿಯಾ’ ಸಂಚಿಕೆಗಳ ಪಕ್ಕದಲ್ಲಿಟ್ಟು, ಸಿನಿಮಾ ಓದುವ ವಿದ್ಯಾರ್ಥಿಗಳಿಗೆ ಪಠ್ಯ ಮಾಡಬೇಕು. ಅದಕ್ಕೆ ಬೇಕಾದದ್ದು ಒಂದು ಪ್ರೊಜೆಕ್ಟರ್, ಒಂದು ಬಿಳಿ ಪರದೆ, ಕೇಳಿಸಿಕೊಳ್ಳಲು ಕೆಲವು ಸಂಜೆಗಳು, ಮತ್ತು ಆ ಸಂಜೆಗಳಿಗೆ ಅವರಿಗೆ ಸಲ್ಲಬೇಕಾದ ಗೌರವಧನ.